ಹಿಂದಿನ ಸೀಟಿನ ವಿಮೆ

ಗೆಳೆಯರೇ, ಇವತ್ತು ಬೈಕಿನ ವಿಮೆ ಮಾಡಿಸಲು ಕಮಲಾಪುರದಿಂದ ಕಲಬುರಗಿಗೆ ಹೋಗಿದ್ದೆ. ಜಗತ್ ಸರ್ಕಲ್ ಹತ್ತಿರ ಅಂಗಡಿ ಇಟ್ಟಿರುವ ಏಜೆಂಟ್ ಅಕ್ಕ ನಿಧಾನವಾಗಿ ತಿಳಿಸಿ ಹೇಳಿದರು.

"ಬರೇ ಥರ್ಡ್ ಪಾರ್ಟಿ ಮಾಡಿಸಿದ್ರ ನೀ ಗುದ್ದಿದವ್ರಿಗಷ್ಟೇ ರೊಕ್ಕ ಸಿಗ್ತದ ತಮ್ಮಾ. ನಿನಗ ಅಪಘಾತದ ಕವರ್ ಬ್ಯಾರೆ. ಅದರಾಗ ತಪ್ಪು ಯಾರದಂತ ಕೇಳಂಗಿಲ್ಲ. ಹಿಂದ ಕೂಡೋರಿಗೂ ಹಾಕ್ಲೇನು?"

ಬೈಕ್ ಕೊಂಡಾಗಿನಿಂದ ನನ್ನ ಹಿಂದೆ ಯಾರೂ ಕೂತಿಲ್ಲ.

"ಯಾರು ಕೂಡ್ತಾರ? ಹೆಂಡ್ತಿನೋ, ದೋಸ್ತನೋ?"

"ಮಾರಲಿಕ್ಕ ಬಾಳಿಗೊನಿ ಕಟ್ಗೊಂಡು ಬರ್ತೀನ್ರೀ," ಎಂದೆ.

ಪಕ್ಕದಲ್ಲಿ ಕಾಯುತ್ತಿದ್ದ ಕಾಕಾ ಜೋರಾಗಿ ನಕ್ಕರು. "ಹಂಗಾದ್ರ ಗೊನಿಗೊಂದು ಹೆಲ್ಮೆಟ್ ಹಾಕಪಾ!"

ಅಕ್ಕನಿಗೂ ನಗು ಬಂತು. "ಮನಷ್ಯಾರು ಕೂಡಲಿಲ್ಲಂದ್ರ ಸುಮ್ಮ ರೊಕ್ಕ ದಂಡ. ಬಿಡ್ಲೇನು?"

ಬಿಡಿ ಎನ್ನಬೇಕಿತ್ತು. ಆದರೆ ಹಾಗೆಂದರೆ, ಇನ್ನು ಮುಂದೆಯೂ ಯಾರೂ ಕೂರುವುದಿಲ್ಲ ಎಂದು ನಾನೇ ಒಪ್ಪಿಕೊಂಡಂತಾಗುತ್ತದೆ ಅನಿಸಿತು.

"ಇರ್ಲಿ, ಹಾಕ್ರೀ ಅಕ್ಕಾ."

ಊರಿಗೆ ಒಬ್ಬನೇ ವಾಪಸ್ ಬಂದೆ.

ನಾಳೆ ಬೆಳಿಗ್ಗೆ ಮತ್ತೆ ಕಲಬುರಗಿಗೆ ಹೊರಡುತ್ತೇನೆ. ಆ ಕಡೆ ಹೋಗುವವರು ಯಾರಾದರೂ ಇದ್ದರೆ ತಿಳಿಸಿ. ಹಿಂದಿನ ಸೀಟಿಗೆ ಒಂದು ವರ್ಷ ವಿಮೆ ಇದೆ. ಗೊನೆಯನ್ನು ಮುಂದೆ ಟ್ಯಾಂಕಿನ ಮೇಲೆ ಇಟ್ಟುಕೊಳ್ಳುತ್ತೇನೆ.