ನಿಂತ ಮೊಕದ್ದಮೆ, ಮುಗಿದದ್ದಲ್ಲ

ಮೃಣಾಲಿನಿಯವರ ಅಜ್ಜ ಬೀದರಿನಿಂದ ನಿಜಾಮನ ಕಂದಾಯ ಖಾತೆಯ ನೌಕರಿಗೆಂದು ಹೈದರಾಬಾದಿಗೆ ಬಂದವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಹಳೆಯ ವಕೀಲರೊಡನೆ ಉರ್ದು. ಹಾಗೆ ಬೆಳೆದ ಮೊಮ್ಮಗಳು ಮುನ್ಸಿಫ್ ಆಗಿ ಊರೂರು ತಿರುಗಿ, ತಲೆ ನರೆಯುವ ಹೊತ್ತಿಗೆ ನಗರದ ಹಿರಿಯ ಸೆಷನ್ಸ್ ನ್ಯಾಯಾಧೀಶರಾದರು. ಇನ್ನೊಂದು ಮೆಟ್ಟಿಲು ಹತ್ತಿದರೆ ಹೈಕೋರ್ಟು.

ಆಗಲೇ ನಾಚಾರಂ ಪ್ರಕರಣ ಅವರೆದುರು ಬಂತು. ನಾಚಾರಂ ಬಡಾವಣೆಯ ಕಾರ್ಖಾನೆಯೊಂದರಲ್ಲಿ, ಬಿರುಕು ಬಿಟ್ಟ ಗೋಡೆಯೆಂದು ಗೊತ್ತಿದ್ದೂ ಅದರ ಬುಡದಲ್ಲೇ ಕೆಲಸ ಮಾಡಿಸಿ, ಗೋಡೆ ಕುಸಿದು ಯಾದಗಿರಿ ಕಡೆಯ ಕೂಲಿಕಾರರು ಸತ್ತಿದ್ದರು. ಆರೋಪಿಗಳು ಕಾರ್ಖಾನೆಯ ಮ್ಯಾನೇಜರ್ ಮತ್ತು ಅದರ ಮಾಲೀಕನಾದ ಮಾಜಿ ಮಂತ್ರಿ. ವಿಚಾರಣೆ ನಡೆದಿರುವಾಗಲೇ ಮಾಲೀಕ ದೂರದ ರಾಜ್ಯವೊಂದಕ್ಕೆ ರಾಜ್ಯಪಾಲನಾದ. ಅಧಿಕಾರದಲ್ಲಿರುವ ರಾಜ್ಯಪಾಲರ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆಸುವಂತಿಲ್ಲವೆಂದು ಸಂವಿಧಾನವೇ ಹೇಳುತ್ತದೆ. ಅದನ್ನೇ ಹಿಡಿದು, ಪ್ರಕರಣವನ್ನು ಪೂರ್ತಿ ಮುಚ್ಚಬೇಕೆಂದು ಅವನ ವಕೀಲರು ಅರ್ಜಿ ಹಾಕಿದರು.

“ಹೈಕೋರ್ಟಿಗೆ ನಿನ್ನ ಹೆಸರು ಹೋಗೇತಿ,” ಎಂದರು ಗಂಡ ವಾಸುದೇವ, ಚಹಾ ಕುಡಿಯುತ್ತ. “ಅರ್ಜಿ ಮುಂದೂಡು. ಯಾರೂ ಏನೂ ಅನ್ನಂಗಿಲ್ಲ.”

“ನನಗ ನಾನೇ ಅಂತೀನಲ್ಲರಿ.”

ವಾದದ ದಿನ ಇಂಗ್ಲಿಷ್ ಮಾತಿನ ಸುರಿಮಳೆ. ಸತ್ತ ಕೂಲಿಕಾರ ಬೂದೆಪ್ಪನ ಹೆಂಡತಿ ಸುಗಲಮ್ಮ ಹಿಂದಿನ ಬೆಂಚಿನಲ್ಲಿ ಕೇಳುವಷ್ಟು ಕೇಳಿ, ಎದ್ದು ನಿಂತಳು.

“ಅವ್ವಾರ, ದೊಡ್ಡ ಕುರ್ಚಿ ಸಿಕ್ಕರ ಮಾಡಿದ್ದು ಅಳಿಸಿಹೋಗ್ತೈತೇನ್ರಿ?”

ಪೊಲೀಸಿನವನು ಗದರಲು ಹೋದ. ಮೃಣಾಲಿನಿ ಕೈಯೆತ್ತಿ ಅವನನ್ನು ತಡೆದರು.

“ಅಳಿಸಂಗಿಲ್ಲವ್ವಾ. ಆ ಕುರ್ಚಿಯಾಗ ಇರೋತನಕ ಅವರ ಮ್ಯಾಲಿನ ಮೊಕದ್ದಮೆ ನಿಲ್ತೈತಿ. ಇಳಿದ ಮ್ಯಾಲೆ ಮತ್ತ ಸುರು. ಮ್ಯಾನೇಜರ್‌ಗ ಅಂಥಾ ಕುರ್ಚಿ ಇಲ್ಲ, ಅವನ ವಿಚಾರಣೆ ಇವತ್ತೇ ನಡೀತೈತಿ.”

ನ್ಯಾಯಾಲಯದಲ್ಲಿ ಕನ್ನಡವೇಕೆಂದು ಮಾಲೀಕನ ವಕೀಲರು ತಕರಾರು ತೆಗೆದರು. ಮೃಣಾಲಿನಿ ಅಷ್ಟನ್ನೂ ಇಂಗ್ಲಿಷಿನಲ್ಲಿ ಆದೇಶವಾಗಿ ಬರೆಸಿ, “ಮುಂದಿನ ಸಾಕ್ಷಿಯನ್ನು ಕರೆಯಿರಿ,” ಎಂದರು.

ಮ್ಯಾನೇಜರ್‌ಗೆ ಜೈಲಾಯಿತು. ಹೈಕೋರ್ಟಿನ ಪಟ್ಟಿ ಹೊರಬಿದ್ದಾಗ ಮೃಣಾಲಿನಿಯವರ ಹೆಸರು ಅದರಲ್ಲಿರಲಿಲ್ಲ. ಕಾರಣ ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಆದರೆ ಆ ವಾರವೆಲ್ಲ ಅವರಿಗೆ ಊಟ ಸೇರಲಿಲ್ಲ. ಆಸೆ ಇರಲಿಲ್ಲವೆಂದು ಅವರು ಎಂದೂ ಸುಳ್ಳು ಹೇಳಲಿಲ್ಲ. ದೂರದ ಜಿಲ್ಲೆಗೆ ವರ್ಗವಾಗಿ, ಅಲ್ಲಿಂದಲೇ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಕಿರಿಯ ನ್ಯಾಯಾಧೀಶೆ ಸುಹಾಸಿನಿ ಮೆಲ್ಲಗೆ ಕೇಳಿದಳು: “ಆ ಆದೇಶ ಬರೀಬಾರದಿತ್ತು ಅಂತ ಅನಸ್ತದೇನ್ರಿ ಮೇಡಂ?”

“ಇನ್ನೊಮ್ಮೆ ಬಂದ್ರ ಇನ್ನೂ ದಪ್ಪ ಅಕ್ಷರದಾಗ ಬರೆಸ್ತೀನಿ.”

ರಾಜ್ಯಪಾಲನ ಅವಧಿ ಮುಗಿಯಿತು. ನಿಂತಿದ್ದ ಮೊಕದ್ದಮೆ ಹೊಸ ನ್ಯಾಯಾಧೀಶರ ಮುಂದೆ ಮತ್ತೆ ಎದ್ದಿತು. ಸಮನ್ಸಿನ ದಿನ ಮೃಣಾಲಿನಿ ಸಾಮಾನ್ಯ ಜನರ ಬೆಂಚಿನಲ್ಲಿ ಸುಗಲಮ್ಮನ ಪಕ್ಕ ಕುಳಿತಿದ್ದರು. ಗುರುತಿಸಿದ ಸಿಬ್ಬಂದಿಯೊಬ್ಬ ಮುಂದೆ ಕುರ್ಚಿ ಹಾಕಲು ಬಂದಾಗ ಬೇಡವೆಂದರು.

ನ್ಯಾಯಾಧೀಶರು ಒಳಬಂದರು. ಎಲ್ಲರೊಂದಿಗೆ ಮಾಜಿ ರಾಜ್ಯಪಾಲನೂ ಎದ್ದ. ಉಳಿದವರು ಕುಳಿತ ಮೇಲೆ, ಹೆಸರು ಕೂಗಿಸಿಕೊಂಡು ಆರೋಪಿಯ ಕಟಕಟೆಯೊಳಗೆ ಹೋಗಿ ನಿಂತ.