ಪ್ರಾಜೆಕ್ಟಿನಲ್ಲಿ ಕಬ್ಬಿನ ಪಾಳಿ

ಸ್ನೇಹಿತರೇ, ಇವತ್ತು ಸಕ್ಕರೆ ಕಾರ್ಖಾನೆಯ ಆಫೀಸಿನಲ್ಲಿ ಮೇಜು ಗುದ್ದಿ ಬಂದೆ. ಅಣ್ಣನ ಮಗಳು ಪದ್ಮಾ ಕಂಪ್ಯೂಟರಿನ ಎಂಸಿಎ ಓದುತ್ತಾಳೆ. ಡಿಗ್ರಿ ಸಿಗಬೇಕಾದರೆ ಎಲ್ಲಾದರೂ ಒಂದು ಪ್ರಾಜೆಕ್ಟ್ ಮಾಡಿ, ಅಲ್ಲಿಯವರ ಸಹಿ ತರಬೇಕು. ನಾಳೆಯೇ ಕೊನೆಯ ದಿನ. ನಾಟಿ ಮಾಡಿದ ತಾರೀಖು ನೋಡಿ ಯಾರ ಕಬ್ಬು ಮೊದಲು ಕಡಿಯಬೇಕೆಂದು ಹೇಳುವ ಪ್ರೋಗ್ರಾಮ್ ಅವಳದು. ಅದನ್ನು ಈ ಕಾರ್ಖಾನೆಯಲ್ಲೇ ಮಾಡಿದ್ದಾಳೆ, ಆದರೆ ಅಲ್ಲಿನ ಸಾಹೇಬರು ಸಹಿಯನ್ನೇ ಹಾಕಲೊಲ್ಲರು.

"ಆರು ತಿಂಗಳ ದುಡದಾಳ ಹುಡುಗಿ. ಸಹಿ ಹಾಕಾಕ ನಿಮಗೇನ್ ಧಾಡಿರಿ?" ಎಂದೆ.

"ಹೋದ ಹಂಗಾಮಿನ್ಯಾಗ ಪಾಳಿ ಮುರದು ಕಡಿಸಿದವರ ಹೆಸರೂ ಪ್ರೋಗ್ರಾಮಿನ್ಯಾಗ ಹುಡುಕಿ ಹಾಕ್ಯಾಳ್ರಿ. ಅವರು ನನ್ನ ಸುಮ್ಮ ಬಿಡ್ತಾರೇನ್ರಿ? ಆ ಹಾಳಿ ತಗೀಲಿ, ಈಗ ಹಾಕ್ತೀನಿ."

"ಅದನ್ನ ತಗದ್ರ ಏನ್ ಉಳೀತು ಕಾಕಾ?" ಪದ್ಮಾ ನನ್ನ ಕಡೆ ತಿರುಗಿದಳು.

"ಯಾಕ ತಗೀಬೇಕು? ಕಳ್ಳರ ಹೆಸರು ಎಲ್ಲಾರಿಗೂ ಗೊತ್ತಾಗ್ಲಿ!" ಮೇಜು ಗುದ್ದಿದ್ದು ಆಗಲೇ.

ಸಾಹೇಬರು ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಮೊದಲ ಹೆಸರೇ ನನ್ನದು. ಗುರುತಿನವರಿಗೆ ಹೇಳಿ ಬೇಗ ಕಡಿಸಿಕೊಂಡದ್ದು ನಿಜ.

"ನಿನಗ ಗೊತ್ತಿತ್ತೇನ?" ಎಂದೆ.

ಪದ್ಮಾ ನೆಲ ನೋಡಿದಳು. "ಹೂಂ ಕಾಕಾ."

"ಇರ್ಲಿ. ಹಾಕ್ರಿ ಸಹಿ. ಯಾರರ ಕೇಳಿದ್ರ ನನ್ನ ಕಡೆ ಕಳಸ್ರಿ."

ಸಹಿ ಬಿತ್ತು. ಪ್ರೋಗ್ರಾಮ್ ಸರಿ ನಡೆಯುತ್ತದೋ ಇಲ್ಲವೋ ಎಂದು ಪರೀಕ್ಷಕರಿಗೇನಾದರೂ ಅನುಮಾನ ಬಂದರೆ, ಬಂದು ನನ್ನನ್ನೇ ಕೇಳಲಿ.