ಅಲಸಂಡೆ ಸಾಲಿಗೆ ಕಟ್ಟಿದ ಟೇಪು

ಪುತ್ತೂರಿನ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಏರು ಹತ್ತಿದರೆ ಸಿಗುವ ಆ ಎರಡು ಮಾಳಿಗೆಯ ಕಟ್ಟಡಕ್ಕೆ ಎಂತ ಹೆಸರು ಎಂದು ಕೇಳಿದರೆ ರಿಕ್ಷಾದವರಲ್ಲೇ ಜಗಳ ಹುಟ್ಟುತ್ತದೆ. ವಯಸ್ಸಾದವರಿಗೆ ಅದು ಅಡಿಕೆ ಗೋದಾಮು, ನಡುವಯಸ್ಸಿನವರಿಗೆ ಟಿವಿ ಸ್ಟುಡಿಯೋ, ಅವರ ಮಕ್ಕಳಿಗೆ ಟ್ಯೂಷನ್ ಸೆಂಟರ್. ಕೊರೊನಾ ಕಾಲದಲ್ಲಿ ಅದರ ಅಂಗಳದಲ್ಲಿ ಲಸಿಕೆಗೆ ಸಾಲು ನಿಂತವರು ಇವತ್ತಿಗೂ ಸೂಜಿ ಕಟ್ಟಡ ಎನ್ನುತ್ತಾರೆ. ಈಗಿನ ಮದುಮಕ್ಕಳಿಗೆ ಅದು ಫೋಟೋ ತೆಗೆಸುವ ಜಾಗ.

ಸೀತುವಿಗೆ ಮಾತ್ರ ಅದು ಗುಡಿಸುವ ಜಾಗ. ಹೆಸರು ಬದಲಾದ ಹಾಗೆ ಕಸ ಬದಲಾಯಿತು, ಅಷ್ಟೆ. ಟಿವಿಯ ಕಾಲದಲ್ಲಿ ತಾಳಮದ್ದಳೆಯ ಅರ್ಥಧಾರಿಗಳು ಉಗುಳಿದ ಎಲೆಯಡಿಕೆ, ಮುಖದ ಬಣ್ಣ ಒರೆಸಿದ ಹತ್ತಿ. ಆಮೇಲೆ ಪೆನ್ಸಿಲ್ ಕೆತ್ತಿದ ಸಿಪ್ಪೆ. ಆಮೇಲೆ ಪುನಃ ಹತ್ತಿ, ಈ ಸಲ ರಕ್ತದ ಚುಕ್ಕೆ ಇದ್ದದ್ದು. ಈಗ ಥರ್ಮಾಕೋಲಿನ ಹೃದಯಗಳ ಚೂರು, ಎಷ್ಟು ಗುಡಿಸಿದರೂ ಪೊರಕೆಗೆ ಅಂಟಿಕೊಂಡು ಬರುವ ಮಿಂಚಿನ ಪುಡಿ.

ಅವಳಿಗೆ ಆ ಪೊರಕೆ ಸಿಕ್ಕಿದ್ದು ಹೇಗೆ ಎಂಬುದನ್ನು ಮೊದಲು ಹೇಳಬೇಕು. ಗೋದಾಮಿನ ಯಜಮಾನರು ವೆಂಕಟ್ರಮಣ. ಅಡಿಕೆ ವ್ಯಾಪಾರವನ್ನು ತಮ್ಮಂದಿರಿಗೆ ಬಿಟ್ಟು, ಗೋಡೆಗಳಿಗೆ ಗೋಣಿಚೀಲ ಹೊಡೆಸಿ, ಅದರ ಮೇಲೆ ನೀಲಿ ಬಟ್ಟೆ ಹಾಕಿ ಕೇಬಲ್ ಚಾನೆಲ್ ಶುರು ಮಾಡಿದವರು. ಸಂಜೆ ಊರಿನ ಸುದ್ದಿ, ಅದರ ಬೆನ್ನಿಗೆ ಸತ್ತವರ ಫೋಟೋ, ಮತ್ತೆ ಫೋನ್ ಮಾಡಿ ಹಾಡು ಕೇಳುವ ಕಾರ್ಯಕ್ರಮ. ನಮ್ಮ ಪಕ್ಕದ ಮನೆಯವರು ಟಿವಿಯಲ್ಲಿ ಬಂದರು ಎಂದು ಜನ ಊಟ ಬಿಟ್ಟು ನೋಡುತ್ತಿದ್ದ ಕಾಲ ಅದು. ಸೀತುವಿನ ಗಂಡ ತ್ಯಾಂಪಣ್ಣ ಆ ಚಾನೆಲಿನ ವಯರು ಎಳೆಯುವವನು. ಅಡಿಕೆ ಮರದಿಂದ ತೆಂಗಿನ ಮರಕ್ಕೆ, ತೆಂಗಿನ ಮರದಿಂದ ಕರೆಂಟ್ ಕಂಬಕ್ಕೆ, ಹಾಗೇ ಎಳೆಯುತ್ತ ಎಳೆಯುತ್ತ ಊರಿಗೆಲ್ಲ ಊರನ್ನೇ ತೋರಿಸಿದ. ಒಂದು ಮಳೆಗಾಲ ಕೇಬಲ್ ವಯರು ಕರೆಂಟಿನ ವಯರಿಗೆ ತಾಗಿತು. ಕಂಬದ ಮೇಲೆಯೇ ಹೋದ. ಸಂಜೆಯ ಸುದ್ದಿಯಲ್ಲಿ ಅವನ ಹೆಸರು ಕೆಳಗಿನ ಪಟ್ಟಿಯಲ್ಲಿ ಓಡಿತು. ಅವನ ಮುಂದೆ ಚಿನ್ನದ ಅಂಗಡಿ, ಅವನ ಹಿಂದೆ ಸೀರೆಯ ರಿಯಾಯಿತಿ.

ಹದಿಮೂರನೆಯ ದಿನದ ಬೊಜ್ಜ ಮುಗಿದ ಮೇಲೆ ವೆಂಕಟ್ರಮಣ ಸೀತುವನ್ನು ಕರೆದು ಪೊರಕೆ ಕೊಟ್ಟರು. ದೊಡ್ಡ ಮನಸ್ಸು ಎಂದಿತು ಊರು. ಕೈಗೊಂದು ಗವಸು ಇಲ್ಲದೆ ಕಂಬ ಹತ್ತಿಸಿದವರು, ಹೆಂಡತಿಗೊಂದು ಪೊರಕೆ ಕೊಟ್ಟ ಕೂಡಲೇ ದೊಡ್ಡ ಮನಸ್ಸಿನವರಾಗುವುದು ಇಲ್ಲಿಯ ಪದ್ಧತಿ.

ತ್ಯಾಂಪಣ್ಣ ಸಾಯುವ ಹಿಂದಿನ ವರ್ಷ ಆಟಿ ತಿಂಗಳ ವಿಶೇಷ ಎಂದು ಸ್ಟುಡಿಯೋದಲ್ಲಿ ಚಾಪೆ ಹಾಸಿ, ಪತ್ರೊಡೆ ಇಟ್ಟು ಒಂದು ಕಾರ್ಯಕ್ರಮ ಮಾಡಿದ್ದರು. ಹಾಡಬೇಕಾದವರು ಬರಲಿಲ್ಲ. ಏಣಿ ಹಿಡಿದು ನಿಂತಿದ್ದ ತ್ಯಾಂಪಣ್ಣನನ್ನೇ ಎಳೆದು ಕೂರಿಸಿದರು. ಅವನು ಗದ್ದೆ ಉಳುವಾಗ ಎತ್ತುಗಳಿಗೆ ಹೇಳುವ ತುಳು ಹಾಡೊಂದನ್ನು, ಎದುರಿಗೆ ನಿಜವಾಗಿ ಎತ್ತು ಉಂಟೋ ಎಂಬಂತೆ, ಕಣ್ಣು ಮುಚ್ಚಿ ಹೇಳಿದ. ಅವನ ಧ್ವನಿ ಲೋಕದಲ್ಲಿ ಉಳಿದದ್ದು ಆ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ.

ಅದೇ ಚಾನೆಲ್ ಅವನ ಮಗಳನ್ನೂ ತೋರಿಸಿತು. ಸುಪ್ರಿತಾ ಆಗ ಪಿಯುಸಿ. ಮಳೆ ಬರುತ್ತಿತ್ತು, ಕ್ಲಾಸಿನ ಹುಡುಗನೊಬ್ಬನ ಕೊಡೆಯೊಳಗೆ ನಿಂತು ಬಸ್ಸಿಗೆ ಕಾಯುತ್ತಿದ್ದಳು. ಹುಡುಗ ಇವರ ಧರ್ಮದವನಲ್ಲ ಎಂದು ಯಾರೋ ಕಂಡುಹಿಡಿದರು. ನಾಲ್ಕು ಜನ ಸುತ್ತುಗಟ್ಟಿದರು, ಒಬ್ಬ ಚಾನೆಲಿಗೆ ಫೋನ್ ಮಾಡಿದ. ಅಪಘಾತವಾದರೆ ಗಾಯಾಳು ಆಸ್ಪತ್ರೆ ಸೇರಿದ ಮೇಲೆ ಬರುವ ಕ್ಯಾಮರಾ ಆ ದಿನ ಓಡಿಕೊಂಡು ಬಂತು. ಸಂಜೆಯ ಸುದ್ದಿಯಲ್ಲಿ ಹುಡುಗಿಯ ಮುಖ, ಮರುದಿನ ಬೆಳಿಗ್ಗೆ ಪುನಃ ಅದೇ ಮುಖ. ಸುದ್ದಿ ಮೊದಲ ಸಲ ಬಂದ ಆ ಸಂಜೆ ಸೀತು ಕೆಳಗಿನ ಹಾಲ್ ಒರೆಸುತ್ತಿದ್ದಳು. ಮೂಲೆಯ ಟಿವಿಗೆ ಶಬ್ದ ಇಟ್ಟಿರಲಿಲ್ಲ. ಶಾಲು ಎಳೆದುಕೊಂಡ ಒಂದು ಮುಖ, ಅಲ್ಲಾಡುವ ತುಟಿ. ಯಾರದೋ ಮಕ್ಕಳು ಪಾಪ ಎಂದುಕೊಂಡ ಮೇಲೆಯೇ ಅವಳಿಗೆ ಆ ಶಾಲು ತಾನು ತೆಗೆದುಕೊಟ್ಟದ್ದು ಎಂದು ಗೊತ್ತಾದದ್ದು.

ಅವಳು ಹೋಗಿ ಕೇಳಿದಾಗ ವೆಂಕಟ್ರಮಣ ತಲೆಗೆ ಕೈ ಹೊತ್ತು ಕೂತರು. ‘ನಿನ್ನ ಮಗಳು ಅಂತ ಗೊತ್ತಿದ್ದರೆ ನಾವು ಹಾಕ್ತಿದ್ದೆವಾ ಸೀತು?’

ಸೀತು ನಂಬಿದಳು. ನಂಬದೆ ಇದ್ದರೆ ಮರುದಿನ ಪೊರಕೆ ಹಿಡಿಯುವುದು ಹೇಗೆ? ಸುಪ್ರಿತಾಳ ಕಾಲೇಜು ಅಲ್ಲಿಗೆ ನಿಂತಿತು. ಅರಂತೋಡಿನ ಚಿಕ್ಕಮ್ಮನ ಮನೆಯಲ್ಲಿ ಬೀಡಿ ಕಟ್ಟುತ್ತ ಎರಡು ಮಳೆಗಾಲ ಕಳೆದ ಮೇಲೆ ಪಂಜದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ರಬ್ಬರ್ ಟ್ಯಾಪಿಂಗಿನವನು, ಒಳ್ಳೆಯವನು. ಬಸ್ ಸ್ಟ್ಯಾಂಡಿನ ವಿಷಯ ಆ ಮನೆಯವರಿಗೆ ಹೇಳಲಿಲ್ಲ. ಅವರ ಕಡೆಗೆ ಈ ಕೇಬಲ್ ಹೋಗುತ್ತಿರಲಿಲ್ಲ. ಗಂಡ ಎಳೆದ ವಯರು ಪಂಜದವರೆಗೆ ಮುಟ್ಟದೆ ಇದ್ದದ್ದು ದೇವರ ದಯೆ ಎಂದು ಸೀತು ಅಂದುಕೊಂಡಳು. ಯೋಚಿಸಿ, ಎಂಥ ದಯೆ.

ಆಮೇಲೆ ಸೆಟ್ ಟಾಪ್ ಬಾಕ್ಸ್ ಬಂತು, ಊರಿನ ಚಾನೆಲ್ ಯಾರಿಗೂ ಬೇಡವಾಯಿತು. ಸ್ಟುಡಿಯೋ ಬಾಗಿಲು ಹಾಕುವಾಗ ಕ್ಯಾಸೆಟ್ಟುಗಳನ್ನು ಗೋಣಿಯಲ್ಲಿ ತುಂಬಿ ಅಂಗಳಕ್ಕೆ ಹಾಕಿದರು, ಬೇಕಾದವರು ಕೊಂಡುಹೋಗಿ ಎಂದರು. ನಮ್ಮಲ್ಲಿ ಅದಕ್ಕೊಂದು ಉಪಯೋಗ ಉಂಟು. ಕ್ಯಾಸೆಟ್ಟಿನ ಟೇಪು ಎಳೆದು ತರಕಾರಿ ಸಾಲಿನ ಮೇಲೆ ಬಿಗಿಯಾಗಿ ಕಟ್ಟಿದರೆ ಗಾಳಿಗೆ ಗುಂಯ್ ಎಂದು ಒರಲುತ್ತದೆ, ಬಿಸಿಲಿಗೆ ಮಿರುಗುತ್ತದೆ. ನವಿಲು ಹತ್ತಿರ ಬರುವುದಿಲ್ಲ. ಹಾಗೆ ಆ ಊರಿನ ಮದುವೆ, ಭಜನೆ, ಚುನಾವಣೆಯ ಭಾಷಣ ಎಲ್ಲ ಬೆಂಡೆ ಮುಳ್ಳುಸೌತೆಯ ಕಾವಲಿಗೆ ಹೋದವು. ಭಾಷಣಗಳ ಮಟ್ಟಿಗೆ ಅದು ಬಡ್ತಿಯೇ.

ಸೀತು ಡಬ್ಬಿಯ ಮೇಲಿನ ಬರಹ ಓದಿ ಎರಡೇ ಹೆಕ್ಕಿಕೊಂಡಳು. ‘ಆಟಿ’ ಎಂದು ಬರೆದದ್ದನ್ನು ಹಳೆಯ ರವಿಕೆ ಬಟ್ಟೆಯಲ್ಲಿ ಸುತ್ತಿ ಟ್ರಂಕಿನ ಅಡಿಯಲ್ಲಿಟ್ಟಳು. ‘ಬಸ್ ಸ್ಟ್ಯಾಂಡ್’ ಎಂದು ಬರೆದದ್ದನ್ನು ಅಲಸಂಡೆ ಸಾಲಿಗೆ ಕಟ್ಟಿದಳು. ವರ್ಷವರ್ಷವೂ ಬಿಸಿಲಿಗೆ ಪುಡಿಯಾದದ್ದನ್ನು ಬಿಚ್ಚಿ ಸುರುಳಿಯಿಂದ ಹೊಸದಾಗಿ ಎಳೆದು ಕಟ್ಟುವಳು. ಮಗಳ ಮುಖ ಹೀಗೆ ಚೂರುಚೂರಾಗಿ ಗಾಳಿಗೆ ಹೋಗಿ ಮುಗಿಯಲಿ ಎಂದು.

ಬೇಲಿಯಾಚೆಯ ಬೀಫಾತುಮ್ಮನಿಗೆ ಅದರ ಶಬ್ದ ಆಗದು. ‘ಎಂತ ಮಾರಾಯ್ತಿ ನಿನ್ನ ಟೇಪು, ಹೆಣದ ಮನೆಯ ಹಾಗೆ ಅಳ್ತದೆ. ನನ್ನ ಕೋಳಿ ಮೊಟ್ಟೆ ಇಡುದು ಬಿಟ್ಟಿದೆ.’

‘ನನ್ನನ್ನೇ ಹೆದರಿಸಿದ ಟೇಪು ಅದು. ನಿನ್ನ ಕೋಳಿ ಎಂತ ಲೆಕ್ಕ’ ಎಂದು ಸೀತು ನಗುತ್ತಿದ್ದಳು. ಆ ಶಬ್ದ ಕೇಳುತ್ತ ಅವಳಿಗೆ ಒಳ್ಳೆಯ ನಿದ್ರೆ ಬರುತ್ತಿತ್ತು.

ವೆಂಕಟ್ರಮಣ ತೀರಿಹೋದರು. ಟ್ಯೂಷನ್ ಬಂತು ಹೋಯಿತು, ಲಸಿಕೆ ಬಂತು ಹೋಯಿತು. ಮಗ ವಿಷ್ಣುಪ್ರಸಾದ್ ಕಟ್ಟಡವನ್ನು ಪುನಃ ಸ್ಟುಡಿಯೋ ಮಾಡಿದ. ಕೆಳಗೆ ಮದುಮಕ್ಕಳ ಫೋಟೋ, ಮೇಲೆ ಯೂಟ್ಯೂಬ್. ಅಪ್ಪನ ಹಾಗೆ ಗದರುವವನಲ್ಲ, ಸೀತಕ್ಕ ಎಂದು ಕರೆದು ಚಾ ಕೊಡುವವನು. ಊರಿನ ಹಳೆಯ ದೃಶ್ಯಗಳನ್ನು ತೋರಿಸುವ ಯೋಜನೆ ಹಾಕಿ, ಹಳೆಯ ಕ್ಯಾಸೆಟ್ಟು ಓಡಿಸುವ ಯಂತ್ರವನ್ನು ಎಲ್ಲಿಂದಲೋ ಹುಡುಕಿ ತಂದ. ಅಂಥದ್ದು ಇಡೀ ತಾಲೂಕಿನಲ್ಲಿ ಬೇರೆ ಇಲ್ಲ ಎಂದು ಅವನೇ ಹೇಳಿದ. ಯಾರಲ್ಲಾದರೂ ಹಳೆಯ ಕ್ಯಾಸೆಟ್ಟು ಉಳಿದಿದ್ದರೆ ತನ್ನಿ ಎಂದ.

ಸೀತುವಿಗೆ ಟ್ರಂಕಿನ ಅಡಿಯ ಗಂಟು ನೆನಪಾಯಿತು. ಮೊಮ್ಮಗಳು ಭವಿತಾ ಈಗ ಪಿಯುಸಿ. ಅಜ್ಜನ ಒಂದು ಫೋಟೋ ನೋಡಿದ್ದಾಳೆ, ಅಷ್ಟೆ. ಅವಳ ಫೋನಿಗೆ ಅಜ್ಜನ ಹಾಡು ಕಳಿಸಿದರೆ? ಮರುದಿನವೇ ರವಿಕೆ ಬಟ್ಟೆಯ ಗಂಟು ಹಿಡಿದುಕೊಂಡು ಹೋದಳು.

ಅಷ್ಟು ವರ್ಷ ಒರೆಸಿದ ಕುರ್ಚಿಯಲ್ಲಿ ಸೀತು ಕೂತದ್ದು ಆ ದಿನವೇ ಮೊದಲು. ವಿಷ್ಣುಪ್ರಸಾದ್ ಯಂತ್ರಕ್ಕೆ ಕ್ಯಾಸೆಟ್ಟು ಹಾಕಿದ. ಗೆರೆಗಳು ಅಲ್ಲಾಡಿದವು. ಚಾಪೆ ಬರಲಿಲ್ಲ, ಪತ್ರೊಡೆ ಬರಲಿಲ್ಲ. ಮಳೆ ಬಂತು. ಬಸ್ಸು, ಒಂದು ಕೊಡೆ, ಶಾಲು.

ಟಿವಿಯಲ್ಲಿ ಅಂದು ತೋರಿಸಿದ್ದು ಕತ್ತರಿಸಿ ಉಳಿದ ತುಂಡು. ಇದು ಕ್ಯಾಮರಾ ಹಿಡಿದದ್ದು ಹಿಡಿದ ಹಾಗೇ ಇದ್ದದ್ದು, ಶಬ್ದದ ಸಮೇತ. ಸುಪ್ರಿತಾ ಕ್ಯಾಮರಾದವನಿಗೆ ಕೈ ಮುಗಿಯುತ್ತಿದ್ದಳು. ‘ಅಣ್ಣಾ, ನನ್ನ ಅಮ್ಮ ನಿಮ್ಮ ಆಫೀಸಿನಲ್ಲೇ ಗುಡಿಸುದು. ಸೀತು ಅಂತ. ಅವರನ್ನು ಒಮ್ಮೆ ಕರೀರಿ ಅಣ್ಣಾ.’

ಕ್ಯಾಮರಾದ ಹಿಂದಿನಿಂದ ಒಂದು ಧ್ವನಿ, ಆರಾಮವಾಗಿ: ‘ಗೊತ್ತುಂಟು. ಧನಿಗಳಿಗೆ ಫೋನ್ ಮಾಡಿಯೇ ಬಂದದ್ದು. ನೀನು ಮುಖ ಈಚೆ ತಿರುಗಿಸು.’

ವೆಂಕಟ್ರಮಣರಿಗೆ ಗೊತ್ತಿಲ್ಲದೆ ಆದದ್ದಲ್ಲ. ಗೊತ್ತಿತ್ತು. ಅಷ್ಟು ವರ್ಷ ಅವಳು ನೆಲ ಒರೆಸಿದ್ದು ಗೊತ್ತಿದ್ದವರ ಕಾಲ ಕೆಳಗೆ.

ಸ್ವಲ್ಪ ಹೊತ್ತು ಬೇಕಾಯಿತು ಉಳಿದದ್ದು ತಲೆಗೆ ಹೋಗಲಿಕ್ಕೆ. ಸುದ್ದಿಯ ಗಡಿಬಿಡಿಯಲ್ಲಿ ಅವರು ಹಳೆಯದು ಹೊಸದು ಎಲ್ಲ ಕ್ಯಾಸೆಟ್ಟುಗಳನ್ನು ಮೇಜಿನ ಮೇಲೆ ಬಿಸಾಡಿ ಹೋಗುವುದು, ಅವಳು ಒರೆಸುವಾಗ ಕೈಗೆ ಸಿಕ್ಕಿದ್ದನ್ನು ಹತ್ತಿರದ ಡಬ್ಬಿಗೆ ತುರುಕಿ ಸಾಲಾಗಿ ಇಡುವುದು, ಇದು ದಿನದ ಅಭ್ಯಾಸ. ಚೊಕ್ಕ ಕೆಲಸ ಎಂದು ವೆಂಕಟ್ರಮಣ ಹೊಗಳುತ್ತಿದ್ದರು ಕೂಡ. ಹಾಗಾದರೆ ಅಲಸಂಡೆ ಸಾಲಿನ ಮೇಲೆ ಇಷ್ಟು ವರ್ಷ ಗಾಳಿಗೆ ಒರಲಿ ಒರಲಿ ಪುಡಿಯಾದದ್ದು ಯಾವುದು? ನವಿಲನ್ನು ಓಡಿಸಿದ್ದು ಯಾರು?

ವಿಷ್ಣುಪ್ರಸಾದನ ಕಣ್ಣು ಒದ್ದೆಯಾಗಿತ್ತು. ನಾಟಕವಲ್ಲ, ನಿಜವಾಗಿಯೂ. ಅಪ್ಪ ಹೀಗೆ ಮಾಡಿದ್ದು ತನಗೆ ಗೊತ್ತೇ ಇರಲಿಲ್ಲ ಎಂದ. ಇದನ್ನು ಜನ ನೋಡಬೇಕು, ಮುಖ ಕಾಣದ ಹಾಗೆ ಮಾಡಿ, ಅಪ್ಪನ ಪರವಾಗಿ ತಾನೇ ಕ್ಷಮೆ ಕೇಳಿ ಹಾಕುತ್ತೇನೆ ಎಂದ. ‘ಅವಳ ಪರವಾಗಿಯೇ ಸೀತಕ್ಕ. ಆಗ ಮಾಡಿದ್ದು ತಪ್ಪು ಅಂತ ಹೇಳ್ಲಿಕ್ಕೆ.’

‘ಆಗ ಬೈಲಿಕ್ಕೆ ಬೇಕಾಯ್ತು, ಈಗ ಪಾಪ ಅನ್ಲಿಕ್ಕೆ ಬೇಕಾ? ನನ್ನ ಮಗಳು ನಿಮಗೆ ಎಷ್ಟು ಸಲ ಬೇಕು ಮಾರಾಯ್ರೆ?’

ಪಂಜದ ಮನೆಯವರಿಗೆ ಏನೂ ಗೊತ್ತಿಲ್ಲ ಎಂದು ಅವಳು ಬಿಡಿಸಿ ಹೇಳಿದಳು. ಮಗಳ ಸಂಸಾರ ಅದರ ಮೇಲೆ ನಿಂತಿದೆ ಎಂದೂ, ಗಂಡನ ಹಾಡಿನ ಟೇಪು ಅಲಸಂಡೆ ಸಾಲಿಗೆ ಹೋಗಿರಬೇಕು ಎಂದೂ ಹೇಳಿದಳು. ಯೋಚನೆ ಮಾಡುತ್ತೇನೆ ಎಂದು ಅವನು ಕ್ಯಾಸೆಟ್ಟನ್ನು ಮರ್ಯಾದೆಯಿಂದ ಅವಳ ಕೈಯಲ್ಲಿಟ್ಟ. ಕ್ಯಾಸೆಟ್ಟು ಕೈಗೆ ಬಂದರೂ ಅದರ ಒಳಗಿನದ್ದು ಆಗಲೇ ಕಂಪ್ಯೂಟರಿಗೆ ಹೋಗಿಯಾಗಿತ್ತು. ಸೀತುವಿಗೆ ಅದು ಹೊಳೆಯಲಿಲ್ಲ. ಹಿತ್ತಲಲ್ಲಿ ತೆಂಗಿನ ಗರಿ ಹಾಕಿ ಅದನ್ನು ಸುಟ್ಟು, ಬೂದಿಯ ಮೇಲೆ ನೀರು ಹೊಯ್ದು, ಮುಗಿಯಿತು ಎಂದುಕೊಂಡಳು.

ಮುಂದಿನ ಭಾನುವಾರ ವೀಡಿಯೋ ಬಂತು. ‘ಕ್ಷಮಿಸು ತಂಗಿ’ ಎಂದು ಹೆಸರು. ಮುಖ ಮಸುಕು ಮಾಡಿದ್ದ, ಅಂದು ಹೇಳಿದ ಹಾಗೆ. ಸೀತು ಎಂಬ ಹೆಸರು ಬರುವಲ್ಲಿ ಕುಂಯ್ ಎಂದು ಒಂದು ಶಬ್ದ. ಆದರೆ ‘ನನ್ನ ಅಮ್ಮ ನಿಮ್ಮ ಆಫೀಸಿನಲ್ಲೇ ಗುಡಿಸುದು’ ಎಂಬುದನ್ನು ಇಟ್ಟಿದ್ದ. ಅದನ್ನು ತೆಗೆದರೆ ನೋಡುವವರಿಗೆ ಅಳು ಬರುವುದು ಹೇಗೆ? ಆ ಕಟ್ಟಡದಲ್ಲಿ ಗುಡಿಸುವವಳು ಯಾರೆಂದು ಪುತ್ತೂರಿನಿಂದ ಸುಬ್ರಹ್ಮಣ್ಯದವರೆಗೆ ಬಸ್ಸಿನ ಕಂಡಕ್ಟರಿಗೂ ಗೊತ್ತು. ಕೆಳಗೆ ಸಾಲುಸಾಲು ಕೈಮುಗಿದ ಚಿತ್ರಗಳು, ನಿಮ್ಮಂಥ ಮಗ ಎಲ್ಲರಿಗೂ ಹುಟ್ಟಲಿ ಎಂಬ ಹಾರೈಕೆ. ಅಂದು ಬಸ್ ಸ್ಟ್ಯಾಂಡಿನಲ್ಲಿ ಸುತ್ತುಗಟ್ಟಿದ್ದ ಒಬ್ಬ, ಈಗ ಊರಿನ ಗಣ್ಯ, ಅವನೂ ಕೈಮುಗಿದಿದ್ದ. ಕೇಬಲ್ ಮುಟ್ಟದ ಪಂಜಕ್ಕೆ ಇದು ಗಳಿಗೆಯಲ್ಲಿ ಮುಟ್ಟಿತು.

ಸುಪ್ರಿತಾ ಫೋನ್ ಮಾಡಿದಳು. ಅಳಲಿಲ್ಲ, ಬೈಯಲಿಲ್ಲ. ಅತ್ತೆ ಬೆಳಿಗ್ಗೆಯಿಂದ ಮಾತು ಬಿಟ್ಟಿದ್ದಾರೆ, ಗಂಡ ಉಣ್ಣದೆ ರಬ್ಬರ್ ತೋಟಕ್ಕೆ ಹೋಗಿದ್ದಾನೆ ಎಂದಳು. ಮತ್ತೆ ಕೇಳಿದಳು.

‘ಅಮ್ಮ, ಅದನ್ನು ಅವರಿಗೆ ಕೊಟ್ಟದ್ದು ಯಾರು?’

‘ನಾನು.’

ಅಜ್ಜನ ಹಾಡು ಎಂದು, ಭವಿತಾಳಿಗೆ ಕೇಳಿಸಲಿಕ್ಕೆ ಎಂದು, ಸೀತು ಹೇಗೆಹೇಗೋ ಹೇಳಿದಳು.

‘ಭವಿತಾ ನೋಡಿದಳು’ ಎಂದಳು ಸುಪ್ರಿತಾ. ‘ಆ ಹುಡುಗ ಯಾರು ಅಂತ ಅವಳು ಕೇಳ್ಲಿಲ್ಲ. ಅಜ್ಜಿ ಈಗಲೂ ಅಲ್ಲಿಯೇ ಗುಡಿಸುದಾ ಅಂತ ಕೇಳಿದಳು. ನಾನು ಎಂತ ಹೇಳುದು ಅಮ್ಮ?’

ಸೋಮವಾರ ಬೆಳಿಗ್ಗೆ ಸೀತು ಹೋಗಿ ಕಟ್ಟಡದ ಕೀಲಿಯನ್ನು ಮೇಜಿನ ಮೇಲಿಟ್ಟಳು. ವಿಷ್ಣುಪ್ರಸಾದ್ ಎದ್ದು ನಿಂತ. ವೀಡಿಯೋದಿಂದ ಒಳ್ಳೆಯದೇ ಆಗಿದೆ, ಮಗಳಿಗೆ ಸಹಾಯ ಮಾಡುತ್ತೇವೆ ಎಂದು ಎಷ್ಟೋ ಜನ ಬರೆದಿದ್ದಾರೆ ಎಂದ. ಅವಳು ಬಾಗಿಲ ಕಡೆ ತಿರುಗಿದಳು. ಅವನಿಗೆ ಏನೋ ನೆನಪಾಯಿತು. ‘ಹಾಡಿನ ಆ ಇನ್ನೊಂದು ಕ್ಯಾಸೆಟ್ಟು ಸ್ವಲ್ಪವಾದರೂ ಉಳಿದಿದ್ದರೆ ತನ್ನಿ ಸೀತಕ್ಕ. ಎರಡು ಸಾಲಾದರೂ ಸಿಕ್ಕೀತು. ತೆಗೆದು ಕೊಡ್ತೇನೆ.’

ಉಳಿದಿತ್ತು. ಸುರುಳಿಯ ತಳದಲ್ಲಿ ಹೆಬ್ಬೆರಳಿನಷ್ಟು ದಪ್ಪ. ಮನೆಗೆ ಬಂದು ಸಾಲಿನ ಮೇಲಿನ ಟೇಪನ್ನೂ ಬಿಚ್ಚಿ, ಹರಿಯದ ಹಾಗೆ ಒಂದು ಕೋಲಿಗೆ ಸುತ್ತಿದಳು. ಟೇಪು ತೆಗೆದದ್ದು ಯಾಕೆ, ನವಿಲು ಬಂದು ಎಲ್ಲ ತಿಂದು ಹೋಗ್ತದೆ ಎಂದು ಬೀಫಾತುಮ್ಮ ಬೇಲಿಯಾಚೆಯಿಂದ ಕೂಗಿದಳು. ತಿನ್ನಲಿ ಎಂದಳು ಸೀತು.

ಕೋಲು ಮತ್ತು ಸುರುಳಿ ಎರಡೂ ಈಗ ಟ್ರಂಕಿನ ಅಡಿಯಲ್ಲಿ, ಅದೇ ರವಿಕೆ ಬಟ್ಟೆಯೊಳಗೆ ಉಂಟು. ಅದರಲ್ಲಿ ತ್ಯಾಂಪಣ್ಣ ಎತ್ತುಗಳನ್ನು ಕರೆಯುವ ಎರಡು ಸಾಲು ಇರಬಹುದು, ಇಲ್ಲದೆಯೂ ಇರಬಹುದು. ಓಡಿಸಿ ನೋಡುವ ಯಂತ್ರ ಇರುವುದು ಆ ಕಟ್ಟಡದಲ್ಲಿ ಮಾತ್ರ. ಪೇಟೆಗೆ ಹೋಗಬೇಕಾದಾಗ ಸೀತು ಒಂದು ಸ್ಟಾಪು ಮೊದಲೇ ಇಳಿದು, ಸುತ್ತು ದಾರಿಯಲ್ಲಿ ನಡೆಯುತ್ತಾಳೆ.